ಬೀಗದ ಕೈ ಯಾರ ಬಳಿ?

ಸೇಡಂ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕಲಬುರಗಿಯ ಕಡೆಗೆ ಹೋಗುವ ಸಂಜೆಯ ಗಾಡಿಯನ್ನು ಕಾಯುತ್ತಿದ್ದಾಗ, ಊರಿಗೊಂದು ಸಮುದಾಯ ಭವನ ಬೇಕೆಂಬ ನನ್ನ ಮಾತನ್ನು ಪಕ್ಕದಲ್ಲಿದ್ದ ಹಿರಿಯರೊಬ್ಬರು ಅರ್ಧಕ್ಕೇ ತಡೆದು, "ಕುಡೀಲಾಕ ನೀರಿಗೇ ತ್ರಾಸ ಅದ, ಭವನ ತೊಗೊಂಡು ಏನ್ ಮಾಡ್ತೀರಿ?" ಎಂದರು. ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನನಗೆ ನಾಲಗೆ ಬರಲಿಲ್ಲ. ಹೇಳಬೇಕೆಂದು ಈಗ ತೋರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಮಾತು ತಳ್ಳಿಹಾಕತಕ್ಕದ್ದಲ್ಲ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮವೂ ಅವರ ಪಕ್ಷದಲ್ಲಿಯೇ ಇದೆ: ಬೀದಿದೀಪ, ನೈರ್ಮಲ್ಯ, ಕುಡಿಯುವ ನೀರು ಪುರಸಭೆಯ ಅವಶ್ಯಕರ್ತವ್ಯಗಳೆಂದೂ, ಸಾರ್ವಜನಿಕ ಸಭಾಭವನ ಮೊದಲಾದವು ಅದರ ವಿವೇಚನೆಗೆ ಬಿಟ್ಟ ಕಾರ್ಯಗಳೆಂದೂ ಅದು ವಿಭಾಗಿಸಿದೆ. ಆದರೆ ವಿವೇಚನೆಗೆ ಬಿಟ್ಟದ್ದೆಂದರೆ ಬೇಡವಾದದ್ದೆಂದು ಅರ್ಥವಲ್ಲ. ನೀರು ಬಾರದ ಓಣಿಯ ಹೆಂಗಸರು ಕೊಡ ಹಿಡಿದು ಒಂದು ದಿನ ಪುರಸಭೆಯ ಮುಂದೆ ನಿಲ್ಲುತ್ತಾರೆ, ಮರುವಾರ ಮತ್ತೊಂದು ಓಣಿಯವರು ನಿಲ್ಲುತ್ತಾರೆ. ಇಡೀ ಊರು ಒಂದೆಡೆ ಕುಳಿತು ನೀರಿನ ಲೆಕ್ಕ ಕೇಳಬಲ್ಲ ಸೂರೊಂದು ಇಲ್ಲದಿರುವುದೂ ನೀರು ಬಾರದಿರುವುದಕ್ಕೆ ಒಂದು ಕಾರಣವೆಂದು ನಾನು ನಂಬುತ್ತೇನೆ. ಇನ್ನು, ಖಾಸಗಿ ಕಲ್ಯಾಣಮಂಟಪಗಳಿರುವಾಗ ಇದೇಕೆ ಎನ್ನುವವರು ಕೂಲಿಯವನ ಮಗಳ ಮದುವೆಗೆ ಬಾಡಿಗೆ ಕಟ್ಟಿದವರಲ್ಲ. ಅವರನ್ನು ಅಲ್ಲಿಗೇ ಬಿಡೋಣ.

ಇದಕ್ಕಿಂತ ಗಹನವಾದ ಆಕ್ಷೇಪವೊಂದುಂಟು. ಒಂದೊಂದು ಜನಾಂಗಕ್ಕೂ ಒಂದೊಂದು ಭವನ ಇದ್ದೇ ಇದೆ ಅಥವಾ ಬರಲಿದೆ; ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಕನಕ ಭವನ, ಶಾದಿ ಮಹಲ್, ಇವುಗಳ ನಡುವೆ ಎಲ್ಲರದೆಂಬ ಭವನ ಯಾರದೂ ಅಲ್ಲದೆ ಹೋಗಲಾರದೇ ಎಂದು ಕೇಳುವವರನ್ನು ನಾನು ಗೌರವಿಸುತ್ತೇನೆ. ತಲೆತಲಾಂತರದಿಂದ ಊರಿನ ಅಂಗಳಕ್ಕೆ ಪ್ರವೇಶವಿಲ್ಲದಿದ್ದವರು ತಮ್ಮದೇ ಒಂದು ಬಾಗಿಲನ್ನು ಕಟ್ಟಿಕೊಂಡರೆ, ಹಿಂದೆ ಬಾಗಿಲು ಮುಚ್ಚಿದವರ ಮಕ್ಕಳಿಗೆ ಅದನ್ನು ಜಾತೀಯತೆಯೆಂದು ಜರೆಯುವ ಅಧಿಕಾರವಿಲ್ಲ. ಆ ಭವನಗಳು ಇರಲಿ. ಆದರೆ ಅವೆಲ್ಲವೂ ಇರುವಾಗಲೂ, ಒಬ್ಬರ ಮನೆಯ ನಾಮಕರಣಕ್ಕೆ ಮತ್ತೊಬ್ಬರು ಅಪ್ಪಣೆ ಕೇಳದೆ ಕಾಲಿಡಬಹುದಾದ ಸೂರು ಊರಿಗೆ ಒಂದೂ ಇಲ್ಲವಾದರೆ, ಸಾಮಾನ್ಯ ಸ್ಥಳವೆಂದು ಉಳಿಯುವುದು ನಾವು ಕುಳಿತಿದ್ದ ರೈಲು ನಿಲ್ದಾಣವೊಂದೇ.

ಭವನ ಕಟ್ಟಿದ ಮೇಲೆ ಪಾಳುಬೀಳುತ್ತದೆಂಬ ಸಂಶಯಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ, ಕಣ್ಣಾರೆ ಕಂಡಿದ್ದೇನೆ. ಚಿತ್ತಾಪುರದ ದಾರಿಯ ಹಳ್ಳಿಯೊಂದರ ಭವನದ ಕಿಟಕಿಯಲ್ಲಿ ಇಣುಕಿದಾಗ, ಒಳಗೆ ಯಾರೋ ಪೇರಿಸಿದ ತೊಗರಿಯ ಚೀಲಗಳು, ಮೂಲೆಯಲ್ಲಿ ಗಟ್ಟಿಯಾಗಿ ಕಲ್ಲಾದ ಎರಡು ಸಿಮೆಂಟು ಚೀಲ, ನೆಲದ ತುಂಬ ಆಡಿನ ಹಿಕ್ಕೆ. ಹೊರಗೆ ಮಾತ್ರ ಉದ್ಘಾಟಕರ ಹೆಸರುಗಳನ್ನು ಕೊರೆದ ಕಲ್ಲು ಒರೆಸಿಟ್ಟಂತೆ ಹೊಳೆಯುತ್ತಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಕೈ ಯಾರ ಬಳಿ ಎಂದು ಕೇಳಿದರೆ, ಗುತ್ತಿಗೆದಾರನಲ್ಲಿ ಎಂದೊಬ್ಬರು, ಸತ್ತುಹೋದ ಸದಸ್ಯರೊಬ್ಬರ ಮನೆಯಲ್ಲಿ ಎಂದು ಇನ್ನೊಬ್ಬರು. ಮೇಲಿನಿಂದ ಅನುದಾನವಾಗಿ ಇಳಿದುಬಂದ ಭವನದ ಗತಿಯೇ ಇದು. ಊರು ಅದಕ್ಕಾಗಿ ತನ್ನ ಗಂಟಿನಿಂದ ಒಂದು ದುಗ್ಗಾಣಿಯನ್ನೂ ಬಿಚ್ಚಿರಲಿಲ್ಲ, ಆದುದರಿಂದ ಅದು ಹಾಳಾದಾಗ ಯಾರ ಕರುಳೂ ಚುರುಕ್ಕೆನ್ನಲಿಲ್ಲ.

ಇದೇ ಸೇಡಂ ಸೇಡಿಂಬವೆನಿಸಿದ್ದ ಕಾಲವನ್ನು ಈ ಸಂದರ್ಭದಲ್ಲಿ ಜ್ಞಾಪಿಸದಿರಲಾರೆ. ಪಕ್ಕದ ಮಳಖೇಡದಲ್ಲಿ ರಾಷ್ಟ್ರಕೂಟರ ವೈಭವ ಮುಗಿದು ಒಂದೂವರೆ ಶತಮಾನ ಕಳೆದಿತ್ತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಕ್ರಿ.ಶ. 1124ರ ಸುಮಾರಿಗೆ, ಸೇಡಿಂಬದ ಮುನ್ನೂರು ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿದರೆಂದು ಇಲ್ಲಿಯ ಶಾಸನ ಹೇಳುತ್ತದೆ. ಅರಸನ ಕೃಪೆಗೆ ಕಾದು ಕೂರದೆ ಊರಿನ ಸಭೆಯೇ ಕಟ್ಟಿಸಿದ್ದು ಮೊದಲ ವಿಶೇಷ. ಅಗ್ರಹಾರದ ಮಹಾಜನರು ಜಿನಾಲಯವನ್ನು ಕಟ್ಟಿಸಿದ್ದು ಅದಕ್ಕಿಂತ ದೊಡ್ಡ ವಿಶೇಷ. ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದನ್ನು, ಬಿರಿದದ್ದನ್ನು ಸರಿಪಡಿಸುವುದಕ್ಕೆಂದೇ ಭೂಮಿಯನ್ನೋ ತೋಟವನ್ನೋ ಎಣ್ಣೆಗಾಣವನ್ನೋ ಬಿಟ್ಟುಕೊಡುವುದು ಅಂದಿನ ಪದ್ಧತಿ. ಒಂಬೈನೂರು ವರ್ಷಗಳ ಹಿಂದಿನವರಿಗೆ ತಿಳಿದಿದ್ದ ಈ ಸರಳ ವಿಷಯ ನಮ್ಮ ಅಂದಾಜುಪಟ್ಟಿಗಳಲ್ಲಿ ಒಂದು ಸಾಲಾಗಿಯೂ ಕಾಣಸಿಗದು!

ಹಣವೆಲ್ಲಿ ಎನ್ನುವಿರಾ? ವಾಡಿ, ಸೇಡಂ, ಮಳಖೇಡಗಳ ನೆಲದ ಸುಣ್ಣಕಲ್ಲು ಸಿಮೆಂಟಾಗಿ ದೇಶದ ಎಷ್ಟೋ ಊರುಗಳ ಭವನಗಳನ್ನು ನಿಲ್ಲಿಸಿದೆ. ಶಹಾಬಾದಿನ ಕಲ್ಲು ದಖ್ಖನಿನ ಅಂಗಳಗಳಿಗೆಲ್ಲ ಹಾಸಾಗಿದೆ. ನಿಗದಿತ ಮಿತಿಗೆ ಮೇಲ್ಪಟ್ಟ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕೆಂದು 2013ರ ಕಂಪನಿಗಳ ಅಧಿನಿಯಮ ವಿಧಿಸಿದೆ. ಅದರಲ್ಲೊಂದು ಪಾಲನ್ನು ಕೇಳುವುದು ಭಿಕ್ಷೆಯಲ್ಲ. ಸರ್ಕಾರದ ಅನುದಾನವೂ ಬರಲಿ. ಆದರೂ ಮೊದಲ ಕಂತು ಪುರಸಭೆಯ ಮನೆಗಂದಾಯದಿಂದಲೇ ಹೊರಡಬೇಕು, ಅದು ಚಿಕ್ಕದಾಗಿದ್ದರೂ ಅಡ್ಡಿಯಿಲ್ಲ. ಹತ್ತು ವರ್ಷದ ದುರಸ್ತಿ, ದೀಪ, ಕಾವಲುಗಾರನ ಸಂಬಳ ಇಷ್ಟನ್ನು ಬ್ಯಾಂಕಿನಲ್ಲಿಟ್ಟ ಮೇಲೆಯೇ ಶಂಕುಸ್ಥಾಪನೆಯಾಗಬೇಕು. ಅಷ್ಟು ಸಾಧ್ಯವಾಗದಿದ್ದರೆ ಆ ಹಿರಿಯರ ಮಾತೇ ಸರಿ, ಹಣ ನೀರಿಗೆ ಹೋಗಲಿ.

ಆದ್ದರಿಂದ, ಶಂಕುಸ್ಥಾಪನೆಯ ಆಮಂತ್ರಣ ಪತ್ರಿಕೆ ನಿಮ್ಮ ಮನೆಗೂ ಬಂದರೆ, ಅದರಲ್ಲಿ ಅಚ್ಚಾದ ಹೆಸರುಗಳನ್ನು ಎಣಿಸುತ್ತ ಕೂರಬೇಡಿ. ತಂದುಕೊಟ್ಟ ಸದಸ್ಯರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಬೀಗದ ಕೈ ಯಾರ ಬಳಿ ಇರುತ್ತದೆಂದು ಕೇಳಿ.