ಗ್ರಾಮರ್‌ಗೆ ಸರ್ ಯಾಕೆ ಬೇಕು?

ಬಾಣಸವಾಡಿಯ ಸುಬ್ಬಯ್ಯನಪಾಳ್ಯದಲ್ಲಿ ಸಂಜೆ ಟ್ಯೂಷನ್ ಹೇಳುವ ನನಗೆ ಜೂನ್ ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಮೇಡಂ, ಎಸ್ಸೆಸ್ಸೆಲ್ಸಿಗೆ ಗ್ರಾಮರ್ ಹೇಳೋಕೆ ಸರ್ ಯಾರೂ ಇಲ್ವಾ?’ ಕೇಳುವವರು ಹೆಚ್ಚಾಗಿ ತಾಯಂದಿರೇ. ಅವರ ಎಲ್‌ಕೆಜಿ ಮಗುವಿಗೆ ಸರ್ ಬಂದರೆ ಮಾತ್ರ ಗಾಬರಿ! ರೈಮ್ಸ್ ಹೆಂಗಸರ ಪಾಲಿಗೆ, ಟೆನ್ಸು, ಪ್ಯಾಸಿವ್ ವಾಯ್ಸು ಗಂಡಸರ ಪಾಲಿಗೆ.

ಕಲಿಸುವವರು ಗಂಡೋ ಹೆಣ್ಣೋ ಎಂಬುದು ಮಕ್ಕಳ ಇಂಗ್ಲಿಷ್ ಒಲವನ್ನು ತಿದ್ದುತ್ತದೆಯೇ? ತಿದ್ದುತ್ತದೆ. ಆದರೆ ಪಾಠ ಶುರುವಾಗುವ ಮೊದಲೇ ಮನೆಯವರು ಈ ಪಾಲುಪಟ್ಟಿ ಮಾಡಿ ಮುಗಿಸಿರುತ್ತಾರೆ.

ನನ್ನ ಹತ್ತಿರ ಬರುವ ಮಕ್ಕಳ ಮನೆಮಾತು ತಮಿಳು, ತೆಲುಗು, ಉರ್ದು, ಕನ್ನಡ. ಹೆಣ್ಣುಮಕ್ಕಳು ನನ್ನೆದುರು ತಪ್ಪೋ ಒಪ್ಪೋ ಮಾತಾಡಿಬಿಡುತ್ತಾರೆ. ‘ಷೀ ಡೋಂಟ್ ನೋ’ ಅಂದು, ನಾಲಿಗೆ ಕಚ್ಚಿ, ತಾವೇ ತಿದ್ದಿಕೊಳ್ಳುತ್ತಾರೆ. ಎಂಟನೇ ಕ್ಲಾಸಿನ ಹುಡುಗರದು ಬೇರೆ ಕತೆ. ಒಬ್ಬ ಚೆನ್ನಾಗಿ ಓದಿದನೋ, ಹಿಂದಿನಿಂದ ‘ಲೇ, ಮಿಸ್ ಥರ ಮಾತಾಡ್ತಾನೆ ಕಣೋ’ ಎಂಬ ಕಿಸಿಕಿಸಿ. ಮರುದಿನದಿಂದ ಅವನ ಬಾಯಿಗೆ ಬೀಗ. ಹಾಗೆ ನಕ್ಕ ಹುಡುಗನನ್ನೇ ಕಮ್ಮನಹಳ್ಳಿ ಮೇನ್ ರೋಡಿನ ಅವನ ಮಾವನ ಮೊಬೈಲ್ ಅಂಗಡಿಯಲ್ಲಿ ನೋಡಿದ್ದೇನೆ. ಆಫ್ರಿಕಾದಿಂದ ಓದಲು ಬಂದವರ ಜೊತೆ ಫೋನ್ ಕವರಿನ ಚೌಕಾಸಿ, ಅದೂ ಇಂಗ್ಲಿಷಿನಲ್ಲೇ, ಒಂಚೂರೂ ನಾಚಿಕೆಯಿಲ್ಲದೆ. ಅಲ್ಲಿ ಅದು ವ್ಯಾಪಾರ, ಗಂಡಸಿನ ಮಾತು.

ದೊಡ್ಡವರೂ ಇದಕ್ಕೆ ಹೊರತಲ್ಲ. ಕನ್ನಡ ನಾಡಿನ ಹೆಸರಾಂತ ಇಂಗ್ಲಿಷ್ ಮೇಷ್ಟ್ರುಗಳು ಯಾರೆಂದರೆ ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದ ವೀಣಾ ಶಾಂತೇಶ್ವರ ಕತೆಗಾರ್ತಿಯಾಗಿ ನೆನಪಾಗುತ್ತಾರೆ, ಮೇಷ್ಟ್ರಾಗಿ ಆ ಸಾಲಿಗೆ ಬರುವುದಿಲ್ಲ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಬೇಗ ಶುರು ಮಾಡಿದ್ದೇನೋ ಸರಿ. ಆದರೆ ನಮ್ಮ ಕಡೆಯ ಶಾಲೆಗಳಲ್ಲಿ ಚಿಕ್ಕ ಮಕ್ಕಳ ಮುಂದೆ ನಿಂತವರು ಬಹುಪಾಲು ಮಿಸ್‌ಗಳೇ. ಗಂಡು ಮೇಷ್ಟ್ರು ಇದ್ದರೆ ಅವರಿಗೆ ಮೇಲಿನ ತರಗತಿ, ಗಣಿತ, ಇಲ್ಲವೇ ಪಿ.ಟಿ.

ಇದನ್ನು ತಿರುವುಮುರುವು ಮಾಡಿ ನೋಡಬೇಕು ಅನ್ನುವುದು ನನ್ನ ವಾದ. ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಮೀಸೆಯ ಮೇಷ್ಟ್ರು ಕೈಕಾಲು ಆಡಿಸುತ್ತ ರೈಮ್ಸ್ ಹೇಳಲಿ, ಹತ್ತನೇ ತರಗತಿಯ ಗ್ರಾಮರ್ ಮೇಡಂ ಕೈಗೆ ಹೋಗಲಿ. ಅಂಥ ಮೇಷ್ಟ್ರ ಹತ್ತಿರ ಕಲಿತ ಹುಡುಗ ಮುಂದೆ ಗೆಳೆಯನ ಇಂಗ್ಲಿಷಿಗೆ ‘ಮಿಸ್ ಥರ’ ಎಂದು ನಗುವುದು ಕಷ್ಟ. ಇದಕ್ಕೆ ವಿಧಾನಸೌಧದಿಂದ ಸುತ್ತೋಲೆ ಬರಬೇಕಿಲ್ಲ, ಟೈಮ್‌ಟೇಬಲ್ ಬರೆಯುವ ಹೆಡ್‌ಮಾಸ್ಟರ್ ಮನಸ್ಸು ಮಾಡಿದರೆ ಆಯಿತು.