ಗಾಡಿ ಹತ್ತಲು ಭಾಷೆಯ ಪರೀಕ್ಷೆಯೇ?

ಬೆಂಗಳೂರಿನಲ್ಲಿ ಮೊಬೈಲಿನಿಂದ ಕರೆಸುವ ಕಾರು, ಆಟೋಗಳಲ್ಲಿ ಭಾಷೆಯ ಜಗಳ ಮತ್ತೆ ಮತ್ತೆ ಏಳುತ್ತಿದೆ. ಹಿಂದಿ ಬಾರದ ಕನ್ನಡಿಗನನ್ನಾಗಲಿ, ಕನ್ನಡ ಬಾರದ ಬಿಹಾರದ ಕೂಲಿಕಾರನನ್ನಾಗಲಿ ಮಾತಿನ ನೆಪದಿಂದ ದಾರಿಯಲ್ಲಿ ಇಳಿಸುವುದು ಅನ್ಯಾಯ. ಬಂದವರು ನಾಡಿನ ಭಾಷೆ ಕಲಿಯಬೇಕು, ನಿಜ. ಕಲಿಯುವ ತನಕ ನಡೆದೇ ಹೋಗಲೆನ್ನುವುದು ಯಾವ ನ್ಯಾಯ? ನಾಳೆ ಸರಕಿಗಾಗಿ ಸೂರತ್ತಿಗೆ ಹೋಗುವ ನಮ್ಮ ವ್ಯಾಪಾರಿಗೂ ಇದೇ ಗತಿಯಾದೀತು.

ಸಂವಿಧಾನದ 15ನೆಯ ವಿಧಿ ಮತ, ಜಾತಿ, ಹುಟ್ಟೂರು ಮೊದಲಾದ ಭೇದಗಳನ್ನು ನಿಷೇಧಿಸಿದೆ. ಭಾಷೆಯ ಹೆಸರು ಅಲ್ಲಿಲ್ಲ. ಆದರೂ 1988ರ ಮೋಟಾರು ವಾಹನ ಕಾಯಿದೆಯ 178ನೆಯ ಕಲಮಿನಂತೆ, ನಿಯಮ ಮೀರಿ ಪ್ರಯಾಣಿಕನನ್ನು ಒಲ್ಲೆನೆಂದ ಬಾಡಿಗೆ ಗಾಡಿಯ ಚಾಲಕನಿಗೆ ದಂಡವುಂಟು. ದಂಡ ಚಾಲಕನಿಗೆ, ಲಾಭ ಕಂಪೆನಿಗೆ! ಕಂಪೆನಿಗಳ ಪರವಾನಗಿಯಲ್ಲೇ ಭಾಷಾಭೇದ ಕೂಡದೆಂದು ಸರ್ಕಾರ ಸ್ಪಷ್ಟವಾಗಿ ಬರೆಯಲಿ, ಹೊಣೆಯನ್ನೂ ಹೊರಿಸಲಿ. ಚಾಲಕನೂ ಪ್ರಯಾಣಿಕನೂ ದುಡಿಯುವವರೇ. ತಮ್ಮೊಳಗೆ ಕಾದಾಡದೆ ಇಬ್ಬರೂ ಕೂಡಿ ಇದನ್ನು ಕೇಳಬೇಕು.