ಫಿಟರ್ ಅಂದ್ರ ಮೂಗ ಮುರೀಬ್ಯಾಡ್ರಿ

ಹುಡುಗಿ ಐ.ಟಿ.ಐ. ಫಿಟರ್ ಕಲೀತಾಳ ಅಂದ್ರ ಸಾಕು, ನಮ್ಮ ಓಣಿ ಹೆಣ್ಮಕ್ಕಳ ಮೂಗ ಮ್ಯಾಲ ಏರತಾವ. "ಕೈತುಂಬ ಗ್ರೀಸ್ ಹಚಗೊಂಡು ಬಂದ್ರ ನೋಡಾಕ ಬಂದವರಿಗೆ ಏನ್ ಹೇಳೂದು?" ಅಂತಾರ. ಅದ ಹುಡುಗಿ ಬಿ.ಕಾಂ. ಮಾಡಿ ಅಂಗಡ್ಯಾಗ ನಿಂತು ಬಿಲ್ ಬರದ್ರ ಅಡ್ಡಿಯಿಲ್ಲಂತ. ಈ ವರ್ಷ ನಮ್ಮ ಬಾಜೂಮನಿ ಹುಡುಗಿ ಫಿಟರ್ ಕಲಿತು ಹುಬ್ಬಳ್ಳಿ ರೇಲ್ವೆ ವರ್ಕಶಾಪಿಗೆ ಅಪ್ರೆಂಟಿಸ್ ಹೋಗತೇನಿ ಅಂತ ಹಟಾ ಹಿಡದಾಳ. ನಾ ಆಕಿ ಕಡೆ.

ನಮ್ಮ ಶಹಾಪುರ ನೇಕಾರರ ಊರು. ಮಗ್ಗದ ಮನ್ಯಾಗ ಬೆಳದ ಹೆಣ್ಣಿಗೆ ಮಷೀನ್ ಹೊಸಾದಲ್ರಿ. ಒಳಗ ರೊಟ್ಟಿ ಬಡಕೋತನ, ಹೊರಗ ಪಾವರಲೂಮಿನ ಸಪ್ಪಳ ಬದಲಾತಂದ್ರ "ಎಳಿ ಹರದೈತಿ ನೋಡ್ರಿ" ಅಂತ ಕೂಗತೇವಿ. ಕಂಡಕಿ ಸುತ್ತೇವಿ, ಎಣ್ಣಿ ಬಿಟ್ಟೇವಿ. ಯಾರೂ ನಮಗ ಮೆಕ್ಯಾನಿಕ್ ಅನ್ನಲಿಲ್ಲ, ಪಗಾರನೂ ಕೊಡಲಿಲ್ಲ, ಅಷ್ಟ.

ಹುಬ್ಬಳ್ಳಿ ವರ್ಕಶಾಪ್ ಇವತ್ತಿನದಲ್ಲ. 1880ರ ದಶಕದಾಗ ಸದರ್ನ್ ಮರಾಠಾ ರೇಲ್ವೆ ಕಾಲದಾಗ ಸುರು ಆದದ್ದು. ನಮ್ಮ ಕಾಕಾ ಅಲ್ಲೇ ಫಿಟರ್ ಇದ್ದರು, ಅದಕ್ಕ ಆ ಕೆಲಸದ ಮಾತು ಕೇಳಕೋತನ ಬೆಳದೇನಿ. ನಾವು ರೇಲ್ವೆ ಡಬ್ಬಿಗೆ ಬೋಗಿ ಅಂತೇವಿ, ಕಾಕಾ ಪ್ರತಿ ಸಲ ತಿದ್ದತಿದ್ದರು: ಬೋಗಿ ಅಂದ್ರ ಡಬ್ಬಿ ಕೆಳಗಿನ ಚೌಕಟ್ಟು, ಗಾಲಿ, ಸ್ಪ್ರಿಂಗ್, ಬ್ರೇಕ್ ಎಲ್ಲಾ ಅದರಾಗ. ಹಳೇ ನಮೂನಿ ಎಕ್ಸ್‌ಪ್ರೆಸ್ ಡಬ್ಬಿ 18 ತಿಂಗಳಿಗೊಮ್ಮೆ ಪೂರಾ ಬಿಚ್ಚಬೇಕಂತ. ಡಬ್ಬೀನ ಮ್ಯಾಲ ಎತ್ತಿ, ಬೋಗಿ ಹೊರಗ ತಗದು, ಬೇರಿಂಗ್ ತೊಳದು ನೋಡತಾರ. ಹೊಸಾ ಗಾಲಿ ಅಡ್ಡಳತಿ 915 ಮಿ.ಮೀ. ಹಳಿ ಮ್ಯಾಲ ಉರುಳಿ ಉರುಳಿ ಸವದ್ರ ಲೇತಿನ ಮ್ಯಾಲ ಏರಿಸಿ ಮತ್ತ ದುಂಡ ಮಾಡತಾರ, ಮಿತಿ ದಾಟಿದ್ರ ತಗದು ಒಗೀತಾರ. ಗಾಲಿ ಕೂಡಿಸೂ ಕಬ್ಬಿಣದ ಅಚ್ಚಿನೊಳಗ ಕಣ್ಣಿಗೆ ಕಾಣದ ಬಿರುಕು ಐತೇನು ಅಂತ ಧ್ವನಿಯಿಂದ ಪರೀಕ್ಷಾ ಮಾಡತಾರ. ಬಸುರಿಗೆ ಹೊಟ್ಟಿ ಸ್ಕ್ಯಾನ್ ಮಾಡ್ತಾರಲ್ಲ, ಅದ ಜಾತಿದು. ಆ ಬಿರುಕು ಬಿಟ್ಟು ಹೋತಂದ್ರ ಮ್ಯಾಲ ಕುಂತವರ ಗತಿ ನೀವ ವಿಚಾರ ಮಾಡ್ರಿ. ಪಂಢರಪುರಕ್ಕ ಹೋಗೂವಾಗ ನಾವು ಕಣ್ಣ ಮುಚ್ಚಿ ಮಲಗೂದು ಇಂಥಾ ಗ್ರೀಸಿನ ಕೈ ನಂಬೇ.

ಹೆಣ್ಣಿಗೆ ಭಾರ ಆಗತೈತಿ ಅನ್ನೋ ಮಾತಿಗೆ ನನಗ ನಗು ಬರತೈತಿ. ಡಬ್ಬಿ ಎತ್ತೂದು ಕ್ರೇನು, ಗಂಡಸರ ರಟ್ಟಿ ಅಲ್ಲ. ಫಿಟರ್‌ಗೆ ಬೇಕಾಗಿದ್ದು ಅಳತಿ, ಕಿವಿ, ತಾಳ್ಮಿ. ಇನ್ನ ಎಂಜಿನ್ ಓಡಸೂದ ನೋಡ್ರಿ, ನಮ್ಮ ಲೈನಿನ ಮ್ಯಾಲಿನ ಸಾತಾರಾದ ಸುರೇಖಾ ಯಾದವ್ ದೇಶದ ಮೊದಲ ರೇಲ್ವೆ ಚಾಲಕಿ. 2023ರಾಗ ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ಒಯ್ದ ಹೆಣ್ಮಗಳು.

ಆದ್ರ ಎಲ್ಲಾ ಸಕ್ಕರಿ ಅಂತ ನಾ ಹೇಳೂದಿಲ್ಲ. ಐ.ಟಿ.ಐ. ಎರಡು ವರ್ಷ, ಆಮ್ಯಾಲ ಅಪ್ರೆಂಟಿಸ್. ಅದು ನೌಕರಿ ಅಲ್ಲ, ಭತ್ಯೆ ಕೊಟ್ಟು ಕಲಸೂದು. ಮುಗಿಸಿದವರಿಗೆ ರೇಲ್ವೆ ಕೆಳಹಂತದ ನೇಮಕಾತಿಯೊಳಗ ನೂರಕ್ಕ 20 ಜಾಗಾ ಅದಾವ, ಪರೀಕ್ಷಾ ಮಾತ್ರ ಬರೀಲೇಬೇಕು. ಬ್ಯಾಸಗ್ಯಾಗ ಶೆಡ್ಡಿನ್ಯಾಗ ಕಾವು, ದಿನಪೂರ್ತಿ ಸಪ್ಪಳ, ಕಾಲ ಮ್ಯಾಲ ನಿಂತ ಕೆಲಸ.

ಅದಕ್ಕ ಗ್ರೀಸಿನ ಚಿಂತಿ ಬಿಟ್ಟು ಬ್ಯಾರೇ ಚಿಂತಿ ಮಾಡ್ರಿ. ಹುಬ್ಬಳ್ಳಿಯೊಳಗ ಆಕಿ ಎಲ್ಲಿ ಇರತಾಳ? ಹೆಣ್ಮಕ್ಕಳಿಗೆ ಬ್ಯಾರೇ ಶೌಚಾಲಯ, ಅರಬಿ ಬದಲಸೂ ಖೋಲಿ ಅದಾವೇನು? ಸಂಜೀಕ ಬಿಟ್ಟಮ್ಯಾಲ ಜೋಡಿ ಯಾರು? ಅಪ್ಪ-ಅವ್ವ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರ್ರಿ. ಗ್ರೀಸ್ ಏನು, ಸೀಮೆಎಣ್ಣಿಗೂ ಹೋಗತೈತಿ, ಕಡ್ಲಿಹಿಟ್ಟಿಗೂ ಹೋಗತೈತಿ.